ಕೂಡಿ ದುಡಿಯುವ ವಿದ್ಯೆಗೆ ಪರೀಕ್ಷೆ

ಪರೀಕ್ಷೆ ಎಂದೊಡನೆ ವಿದ್ಯಾರ್ಥಿಯ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ. ಸಾಲುಸಾಲಾಗಿ ಹಾಕಿದ ಬೆಂಚುಗಳು, ಒಬ್ಬರಿಂದೊಬ್ಬರು ದೂರ ಕುಳಿತ ಹುಡುಗರು, ನಡುವೆ ಅಡ್ಡಾಡುವ ಮೇಲ್ವಿಚಾರಕರು. ಅಲ್ಲಿ ಪಕ್ಕದವನ ಕಡೆಗೆ ತಿರುಗುವುದೇ ಅಪರಾಧ. ತಿಳಿಯದುದನ್ನು ಕೇಳುವುದು, ತಿಳಿದುದನ್ನು ಹೇಳುವುದು ಎರಡೂ ನಿಷಿದ್ಧ. ಒಬ್ಬೊಬ್ಬನ ತಿಳಿವಳಿಕೆಯನ್ನು ಬೇರೆಬೇರೆಯಾಗಿ ತೂಗಿ ನೋಡಲು ಇದಕ್ಕಿಂತ ಸರಳವಾದ ಉಪಾಯವಿಲ್ಲವೆಂಬುದೇನೋ ನಿಜ. ಆದರೆ ಇಂತಹ ಪರೀಕ್ಷೆಗಳನ್ನೆಲ್ಲ ದಾಟಿ, ಪದವಿಗಳನ್ನು ಪಡೆದು, ಮನುಷ್ಯನು ಕೆಲಸಕ್ಕೆ ನಿಂತಾಗ ಕೆಲವು ವೃತ್ತಿಗಳಲ್ಲಿ ನಿಯಮ ತಲೆಕೆಳಗಾಗುತ್ತದೆ. ವಿಮಾನವನ್ನು ನಡೆಸುವವರು, ಶಸ್ತ್ರಚಿಕಿತ್ಸೆ ಮಾಡುವವರು, ರೈಲಿನ ಇಂಜಿನ್ನಿನಲ್ಲಿ ಕುಳಿತವರು, ಅಣುವಿದ್ಯುತ್ ಸ್ಥಾವರವನ್ನು ಕಾಯುವವರು, ಇವರ ಪಾಲಿಗೆ ಪಕ್ಕದವರನ್ನು ಕೇಳದಿರುವುದು ಅಪರಾಧ. ಕಂಡುದನ್ನು ಹೇಳದಿರುವುದು ಇನ್ನೂ ದೊಡ್ಡ ಅಪರಾಧ.

ಈ ವೃತ್ತಿಗಳಿಗೆ ಬೇಕಾದ ಕೌಶಲ ಎರಡು ಬಗೆಯದು. ಯಂತ್ರವನ್ನೋ ಉಪಕರಣವನ್ನೋ ದೇಹವನ್ನೋ ಬಲ್ಲ ಕೌಶಲ ಒಂದು, ಅದು ತಾಂತ್ರಿಕವಾದುದು. ಜೊತೆಯವರೊಡನೆ ಕೂಡಿ ದುಡಿಯುವುದು, ಸುತ್ತಣ ಪರಿಸ್ಥಿತಿಯನ್ನು ಸದಾ ಗಮನದಲ್ಲಿಟ್ಟುಕೊಳ್ಳುವುದು, ಸಕಾಲದಲ್ಲಿ ತೀರ್ಮಾನ ಕೈಗೊಳ್ಳುವುದು, ಮುಂದಾಳಾಗಿ ನಡೆಸುವುದು, ಇವು ಇನ್ನೊಂದು ಬಗೆ. ತಜ್ಞರು ಇವನ್ನು ತಾಂತ್ರಿಕೇತರ ಕೌಶಲಗಳೆಂದು ಕರೆದಿದ್ದಾರೆ. ಹೆಸರು ಅಷ್ಟೇನೂ ಸೊಗಸಾದುದಲ್ಲ; ಮನೆಗೆ ಬೇಕಾದವನನ್ನೇ ‘ಇತರರು’ ಎಂದು ಕರೆದು ಬಾಗಿಲ ಹೊರಗೆ ನಿಲ್ಲಿಸಿದಂತಿದೆ. ಮೊದಲನೆಯ ಬಗೆಯನ್ನು ಅಳೆಯಲು ನೂರು ಪರೀಕ್ಷೆಗಳುಂಟು. ಎರಡನೆಯದು ಸ್ವಭಾವಕ್ಕೆ ಸೇರಿದ್ದು, ಅದನ್ನು ಅಳೆಯಲು ಬಾರದು, ಅಳೆಯುವ ಅಗತ್ಯವೂ ಇಲ್ಲ ಎಂಬ ಭಾವನೆ ಬಹುಕಾಲ ಬೇರೂರಿತ್ತು. ಆ ಭಾವನೆಗೆ ಬೆಲೆ ತೆತ್ತವರು ಪ್ರಯಾಣಿಕರು ಮತ್ತು ರೋಗಿಗಳು.

ಅಟ್ಲಾಂಟಿಕ್ ಸಾಗರದ ಕೆನರಿ ದ್ವೀಪಗಳಲ್ಲಿ ಟೆನೆರಿಫೆ ಎಂಬುದೊಂದು. 1977ನೆಯ ಮಾರ್ಚ್ 27ರಂದು ನೆರೆಯ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅಲ್ಲಿಗೆ ಹೋಗಬೇಕಾಗಿದ್ದ ಹಲವು ವಿಮಾನಗಳು ಟೆನೆರಿಫೆಯ ಚಿಕ್ಕ ನಿಲ್ದಾಣದಲ್ಲಿ ಬಂದಿಳಿದವು. ಅವುಗಳಲ್ಲಿ ಎರಡು ಬೋಯಿಂಗ್ 747 ವಿಮಾನಗಳು. ಒಂದು ಹಾಲೆಂಡಿನ ಕೆಎಲ್‌ಎಂ ಸಂಸ್ಥೆಯದು, ಇನ್ನೊಂದು ಅಮೆರಿಕದ ಪ್ಯಾನ್ ಅಮೆರಿಕನ್ ಸಂಸ್ಥೆಯದು. ನಿಲ್ದಾಣ ಕಿಕ್ಕಿರಿದು ತುಂಬಿದ್ದುದರಿಂದ ಹೊರಡುವ ವಿಮಾನಗಳು ರನ್‌ವೇಯ ಮೇಲೆಯೇ ಸಾಗಿ ಅದರ ತುದಿಯನ್ನು ಸೇರಬೇಕಾಗಿತ್ತು. ಡಚ್ ವಿಮಾನ ತುದಿ ಸೇರಿ ತಿರುಗಿ ನಿಂತಿತು. ಅಮೆರಿಕದ ವಿಮಾನ ಅದೇ ರನ್‌ವೇಯ ಮೇಲೆ ಹಿಂದಿನಿಂದ ಬರುತ್ತಿತ್ತು. ಮಂಜು ದಟ್ಟವಾಗಿ ಕವಿದುದರಿಂದ ಒಂದಕ್ಕೊಂದು ಕಾಣಿಸುತ್ತಿರಲಿಲ್ಲ; ನಿಯಂತ್ರಣ ಗೋಪುರಕ್ಕೆ ಎರಡೂ ಕಾಣಿಸುತ್ತಿರಲಿಲ್ಲ.

ಡಚ್ ವಿಮಾನದ ಕ್ಯಾಪ್ಟನ್ ಸಾಮಾನ್ಯರಲ್ಲ. ಆ ಸಂಸ್ಥೆಯ 747 ಚಾಲಕರ ತರಬೇತಿಗೆ ಅವರೇ ಮುಖ್ಯಸ್ಥರು. ಸಂಸ್ಥೆಯ ಜಾಹೀರಾತುಗಳಲ್ಲಿ ಅವರ ಭಾವಚಿತ್ರ ಅಚ್ಚಾಗುತ್ತಿತ್ತು. ಪಕ್ಕದಲ್ಲಿದ್ದ ಸಹಚಾಲಕರಿಗೆ ಆ ಬಗೆಯ ವಿಮಾನವನ್ನು ನಡೆಸುವ ಅರ್ಹತೆ ದೊರೆತು ಸುಮಾರು ಎರಡು ತಿಂಗಳಷ್ಟೇ ಕಳೆದಿತ್ತು. ಅವರನ್ನು ಪರೀಕ್ಷಿಸಿ ಅರ್ಹರೆಂದು ಒಪ್ಪಿದವರು ಬೇರೆ ಯಾರೂ ಅಲ್ಲ, ಅದೇ ಕ್ಯಾಪ್ಟನ್. ಹೊರಡುವ ಆತುರದಲ್ಲಿ ಕ್ಯಾಪ್ಟನ್ ಒಮ್ಮೆ ಇಂಜಿನ್ನುಗಳ ವೇಗ ಹೆಚ್ಚಿಸಿದಾಗ, ಇನ್ನೂ ಅನುಮತಿ ಬಂದಿಲ್ಲವೆಂದು ಸಹಚಾಲಕರು ತಡೆದರು. ಎರಡನೆಯ ಬಾರಿಯೂ ಹಾರಲು ಅನುಮತಿ ಸಿಕ್ಕಿರಲಿಲ್ಲ. ಹಾರಿದ ಮೇಲೆ ಯಾವ ದಾರಿ ಹಿಡಿಯಬೇಕೆಂಬ ಸೂಚನೆಯಷ್ಟೇ ಬಂದಿತ್ತು. ಆದರೂ ವಿಮಾನ ಹೊರಟಿತು. ಒಮ್ಮೆ ತಡೆದವರು ಮತ್ತೊಮ್ಮೆ ತಡೆಯಲಿಲ್ಲ. ಅಮೆರಿಕದ ವಿಮಾನ ಇನ್ನೂ ರನ್‌ವೇಯ ಮೇಲಿದೆಯೆಂಬ ಸಂದೇಹ ವಿಮಾನದ ಇಂಜಿನಿಯರರ ಮನಸ್ಸಿಗೆ ಬಂದಿತು. ಆ ವಿಮಾನ ರನ್‌ವೇಯನ್ನು ಬಿಟ್ಟು ಹೋಗಿಲ್ಲವೇ ಎಂದು ಅವರು ಕೇಳಿದರು. ಹೋಗಿದೆಯೆಂದು ಕ್ಯಾಪ್ಟನ್ ಒತ್ತಿ ಹೇಳಿದರು. ಮಾತು ಅಲ್ಲಿಗೆ ನಿಂತಿತು. ಕೆಲವೇ ಕ್ಷಣಗಳಲ್ಲಿ ಎರಡು ವಿಮಾನಗಳೂ ಡಿಕ್ಕಿ ಹೊಡೆದವು. 583 ಮಂದಿ ಮಡಿದರು.

ಈ ದುರಂತಕ್ಕೆ ಮಂಜು, ನಿಲ್ದಾಣದ ಇಕ್ಕಟ್ಟು, ಒಂದೇ ಕಾಲಕ್ಕೆ ಇಬ್ಬರು ಮಾತನಾಡಿದುದರಿಂದ ರೇಡಿಯೋದಲ್ಲಿ ಎದ್ದ ಕರ್ಕಶ ಸದ್ದು ಮುಂತಾದ ಹಲವು ಕಾರಣಗಳು ಕೂಡಿದ್ದವು. ಅವುಗಳ ನಡುವೆ ಗಮನಿಸಬೇಕಾದ ಸಂಗತಿ ಇದು: ವಿಮಾನವನ್ನು ಉಳಿಸಬಹುದಾಗಿದ್ದ ಸಂದೇಹ ಆ ಪುಟ್ಟ ಕೊಠಡಿಯ ಒಳಗೇ ಇದ್ದಿತು. ಕಿರಿಯನೊಬ್ಬನ ಬಾಯಲ್ಲಿ ಅದು ಎಚ್ಚರಿಕೆಯಾಗಿ ಹೊರಬರಲಿಲ್ಲ, ಸಂಕೋಚದ ಪ್ರಶ್ನೆಯಾಗಿ ಹೊರಬಂದಿತು. ಹಿರಿಯನ ಕಿವಿಗೆ ಅದು ತಲುಪಿದರೂ ಮನಸ್ಸಿಗೆ ತಲುಪಲಿಲ್ಲ. ಕ್ಯಾಪ್ಟನ್ನರ ಚಾಲನಾ ಕೌಶಲದಲ್ಲಿ ಯಾರೂ ಕೊರತೆ ಹೇಳಲಾರರು. ಅವರು ಪಾಸು ಮಾಡಿದ್ದ ಯಾವ ಪರೀಕ್ಷೆಯಲ್ಲಿಯೂ ಆ ದಿನದ ಪ್ರಶ್ನೆ ಇರಲಿಲ್ಲ.

ಮರುವರ್ಷ, 1978ರ ಡಿಸೆಂಬರ್ 28ರಂದು, ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಬಳಿ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಚಕ್ರಗಳ ತೊಂದರೆಯಿಂದ ಸುಮಾರು ಒಂದು ಗಂಟೆಯ ಕಾಲ ಆಕಾಶದಲ್ಲಿಯೇ ಸುತ್ತುತ್ತ, ಕೊನೆಗೆ ಇಂಧನ ಮುಗಿದು ನೆಲಕ್ಕೆ ಬಿದ್ದಿತು. ಹತ್ತು ಮಂದಿ ಸತ್ತರು. ಇಂಧನ ಇಳಿಯುತ್ತಿರುವುದು ಜೊತೆಯವರಿಗೆ ತಿಳಿದಿತ್ತು. ಆದರೆ ಅದರ ತೀವ್ರತೆಯನ್ನು ಕ್ಯಾಪ್ಟನ್ನರಿಗೆ ಮನಗಾಣಿಸಲು ಅವರಿಂದ ಆಗಲಿಲ್ಲ. ಈ ಅಪಘಾತವನ್ನು ವಿಚಾರಿಸಿದ ಅಮೆರಿಕದ ಸಾರಿಗೆ ಸುರಕ್ಷಾ ಮಂಡಲಿಯು ಎರಡು ಪಾಠಗಳನ್ನು ಜೊತೆಯಾಗಿ ಹೇಳಿತು. ಎಲ್ಲರ ಮಾತನ್ನೂ ಸೇರಿಸಿಕೊಂಡು ನಡೆಸುವ ರೀತಿಯನ್ನು ಕ್ಯಾಪ್ಟನ್ನರಿಗೆ ಕಲಿಸಬೇಕು. ದೃಢವಾಗಿ ಹೇಳುವ ರೀತಿಯನ್ನು ಉಳಿದವರಿಗೆ ಕಲಿಸಬೇಕು. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಈ ವಿಷಯವಾಗಿಯೇ ಒಂದು ಕಾರ್ಯಾಗಾರವನ್ನು ನಡೆಸಿತು. 1981ರಲ್ಲಿ ಯುನೈಟೆಡ್ ಸಂಸ್ಥೆ ತನ್ನ ಚಾಲಕರಿಗೆ ಇಂತಹ ಶಿಕ್ಷಣವನ್ನು ಆರಂಭಿಸಿತು. ಕ್ರಮೇಣ ಜಗತ್ತಿನ ವಿಮಾನ ಸಂಸ್ಥೆಗಳೆಲ್ಲ ಅದನ್ನು ಅನುಸರಿಸಿದವು.

ಆ ಶಿಕ್ಷಣ ವ್ಯರ್ಥವಾಗಲಿಲ್ಲವೆಂಬುದಕ್ಕೆ 1989ರ ಜುಲೈ 19ರಂದು ಸೂ ಸಿಟಿಯಲ್ಲಿ ನಡೆದ ಘಟನೆ ಸಾಕ್ಷಿ. ಅದೇ ಸಂಸ್ಥೆಯ ಡಿಸಿ-10 ವಿಮಾನದ ಹಿಂಬದಿಯ ಇಂಜಿನ್ ಒಡೆದು, ವಿಮಾನವನ್ನು ತಿರುಗಿಸುವ ಸಾಧನಗಳೆಲ್ಲ ನಿಷ್ಕ್ರಿಯವಾದವು. ಕ್ಯಾಪ್ಟನ್ ಆಲ್ ಹೇನ್ಸ್ ಮೂವತ್ತು ವರ್ಷಗಳ ಅನುಭವಿ. ಆದರೂ ಪ್ರಯಾಣಿಕರ ನಡುವೆ ಕುಳಿತಿದ್ದ ಡೆನಿಸ್ ಫಿಚ್ ಎಂಬ ಇನ್ನೊಬ್ಬ ಚಾಲಕರು ನೆರವಾಗಲು ಮುಂದೆ ಬಂದಾಗ ಅವರನ್ನು ಒಳಗೆ ಕರೆದು, ಉಳಿದೆರಡು ಇಂಜಿನ್ನುಗಳ ವೇಗದ ಹಿಡಿಗಳನ್ನು ಅವರ ಕೈಗೆ ಕೊಟ್ಟರು. ನಾಲ್ವರೂ ಒಬ್ಬರಿಗೊಬ್ಬರು ಹೇಳುತ್ತ, ಕೇಳುತ್ತ, ಇಂಜಿನ್ನುಗಳ ವೇಗವನ್ನು ಹೆಚ್ಚುಕಡಿಮೆ ಮಾಡುವುದರಿಂದಲೇ ವಿಮಾನವನ್ನು ನಿಲ್ದಾಣದವರೆಗೆ ತಂದರು. ಇಳಿಯುವಾಗ ವಿಮಾನ ಒಡೆದು ಉರಿಯಿತಾದರೂ ಒಳಗಿದ್ದ 296 ಮಂದಿಯಲ್ಲಿ 184 ಮಂದಿ ಬದುಕಿದರು. ಈ ಕೀರ್ತಿ ತನ್ನೊಬ್ಬನದಲ್ಲ, ಕೂಡಿ ದುಡಿಯುವುದನ್ನು ಕಲಿಸಿದ ಶಿಕ್ಷಣದ್ದು ಎಂದು ಹೇನ್ಸ್ ಕೊನೆಯವರೆಗೂ ಹೇಳುತ್ತಿದ್ದರು.

ಕಲಿಸಿದುದಾಯಿತು. ಆದರೆ ಕಲಿತರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ತರಗತಿಯಲ್ಲಿ ತಲೆದೂಗಿ ಬಂದವರೆಲ್ಲ ವಿಮಾನದಲ್ಲಿ ಹಾಗೆಯೇ ನಡೆಯುತ್ತಾರೆಂಬ ಭರವಸೆ ಎಲ್ಲಿದೆ? ಇಲ್ಲಿಯೇ ಕಷ್ಟವಾದ ಭಾಗ ಆರಂಭವಾಗುವುದು.

1990ರ ದಶಕದ ಕೊನೆಯಲ್ಲಿ ಯುರೋಪಿನ ಹಲವು ದೇಶಗಳ ಸಂಶೋಧಕರು ಸೇರಿ ‘ನೋಟೆಕ್ಸ್’ ಎಂಬ ಅಳತೆಯ ಕ್ರಮವೊಂದನ್ನು ರೂಪಿಸಿದರು. ಸಹಕಾರ, ನಾಯಕತ್ವ, ಪರಿಸ್ಥಿತಿಯ ಅರಿವು, ತೀರ್ಮಾನ ಎಂಬ ನಾಲ್ಕು ವಿಭಾಗಗಳಲ್ಲಿ ಚಾಲಕನ ನಡವಳಿಕೆಯನ್ನು ನೋಡಿ ‘ಬಹಳ ಕಳಪೆ’ಯಿಂದ ‘ಬಹಳ ಉತ್ತಮ’ದವರೆಗೆ ಐದು ದರ್ಜೆಗಳಲ್ಲಿ ಗುರುತಿಸುವುದು ಅದರ ಕ್ರಮ. ಪರೀಕ್ಷೆ ನಡೆಯುವುದು ಬಹುಮಟ್ಟಿಗೆ ಸಿಮ್ಯುಲೇಟರಿನಲ್ಲಿ, ಎಂದರೆ ನೆಲದ ಮೇಲೆಯೇ ನಿಂತು ಹಾರಾಟದ ಅನುಭವವನ್ನೆಲ್ಲ ಕೊಡುವ ಅಣಕು ವಿಮಾನದಲ್ಲಿ. ಆ ಕ್ರಮದಲ್ಲಿ ಮೆಚ್ಚತಕ್ಕದ್ದು ವಿಭಾಗಗಳ ಪಟ್ಟಿಯಲ್ಲ. ಪರೀಕ್ಷಕನಿಗೆ ಹಾಕಿದ ಕಟ್ಟುಪಾಡುಗಳು. ಕಣ್ಣಿಗೆ ಕಂಡ, ಕಿವಿಗೆ ಕೇಳಿದ ನಡವಳಿಕೆಯನ್ನು ಮಾತ್ರ ಅವನು ತೂಗಬೇಕು. ಮನುಷ್ಯನ ಸ್ವಭಾವವನ್ನು ಊಹಿಸಿ ತೀರ್ಪು ಕೊಡುವಂತಿಲ್ಲ. ಒಮ್ಮೆ ಕಂಡ ಲೋಪವನ್ನೇ ಹಿಡಿದು ನಿರ್ಣಯಿಸುವಂತಿಲ್ಲ. ಅದು ಮತ್ತೆ ಮತ್ತೆ ಕಾಣಿಸಬೇಕು. ಆ ಲೋಪದಿಂದ ಹಾರಾಟದ ಸುರಕ್ಷತೆಗೆ ಧಕ್ಕೆಯಾಗುವಂತಿದ್ದರೆ ಮಾತ್ರ ಅನುತ್ತೀರ್ಣನೆನ್ನಬಹುದು. ಹಾಗೆಂದಾಗ ಕಾರಣವನ್ನು ಬಿಡಿಸಿ ಹೇಳಲೇಬೇಕು.

‘ಇವನು ಸಹಕಾರ ಮನೋಭಾವದವನಲ್ಲ’ ಎಂದು ಬರೆಯುವುದು ಸುಲಭ. ಕಚೇರಿಗಳ ಗುಪ್ತ ವರದಿಗಳಲ್ಲಿ ಇಂತಹ ವಾಕ್ಯಗಳಿಂದ ಎಷ್ಟು ಜನರ ಬಾಳು ಕೆಟ್ಟಿದೆಯೋ! ‘ಎತ್ತರ ತಪ್ಪಿರುವುದನ್ನು ಸಹಚಾಲಕ ಎರಡು ಸಲ ಹೇಳಿದರೂ ಕ್ಯಾಪ್ಟನ್ ಉತ್ತರ ಕೊಡಲಿಲ್ಲ’ ಎಂದು ಬರೆಯುವುದು ಬೇರೆಯೇ ಮಾತು. ಮೊದಲನೆಯದು ಮನುಷ್ಯನ ಮೇಲೆ ಹೊರಿಸಿದ ಅಪವಾದ. ಎರಡನೆಯದು ನಡೆದ ಸಂಗತಿ. ಅದನ್ನು ಅಲ್ಲಗಳೆಯಬಹುದು, ಒಪ್ಪಿಕೊಳ್ಳಬಹುದು, ತಿದ್ದಿಕೊಳ್ಳಲೂಬಹುದು. ಸ್ವಭಾವವನ್ನು ಅಳೆಯಲಾಗದೆಂಬ ಆಕ್ಷೇಪಕ್ಕೆ ಇದೇ ಉತ್ತರ.

ಇನ್ನೊಂದು ಆಕ್ಷೇಪವುಂಟು. ಪರೀಕ್ಷಕ ನೋಡುತ್ತಿರುವಾಗ ಯಾರು ತಾನೆ ಸೌಜನ್ಯ ತೋರುವುದಿಲ್ಲ? ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅಣಕು ವಿಮಾನದಲ್ಲಿ ಇಂಜಿನ್ನಿಗೆ ಬೆಂಕಿ ಬಿದ್ದು, ಎಚ್ಚರಿಕೆಯ ಗಂಟೆಗಳು ಒಂದರ ಮೇಲೊಂದು ಮೊಳಗತೊಡಗಿದಾಗ ತೊಟ್ಟ ಸೌಜನ್ಯ ಬಹಳ ಹೊತ್ತು ನಿಲ್ಲದು. ಸಾಲದುದಕ್ಕೆ, ನಿತ್ಯದ ಹಾರಾಟಗಳಲ್ಲಿಯೇ ಒಬ್ಬ ವೀಕ್ಷಕ ಕುಳಿತು, ಯಾರ ಹೆಸರನ್ನೂ ಬರೆದುಕೊಳ್ಳದೆ, ನಡೆಯುವುದನ್ನಷ್ಟೇ ಗುರುತಿಸಿಕೊಳ್ಳುವ ಪದ್ಧತಿಯೂ ಟೆಕ್ಸಾಸ್ ವಿಶ್ವವಿದ್ಯಾನಿಲಯದ ರಾಬರ್ಟ್ ಹೆಲ್ಮ್‌ರೈಕ್ ಮತ್ತು ಅವರ ಸಂಗಡಿಗರ ಶ್ರಮದಿಂದ ಬಳಕೆಗೆ ಬಂದಿದೆ. ಪರೀಕ್ಷಕರ ಏರುಪೇರು ಮಾತ್ರ ನಿಜವಾದ ತೊಡಕು. ಒಂದೇ ದೃಶ್ಯವನ್ನು ಕಂಡ ಇಬ್ಬರು ಬೇರೆಬೇರೆ ಅಂಕ ಕೊಟ್ಟರೆ ಪರೀಕ್ಷಾರ್ಥಿ ಯಾರನ್ನು ನಂಬಬೇಕು? ಆದುದರಿಂದ ಮೊದಲು ಪರೀಕ್ಷಕರೇ ಕಲಿಯಬೇಕು. ಚಿತ್ರೀಕರಿಸಿದ ದೃಶ್ಯಗಳನ್ನು ನೋಡಿ ಪ್ರತ್ಯೇಕವಾಗಿ ಅಂಕ ಹಾಕಿ, ಅನಂತರ ಕುಳಿತು ಹೋಲಿಸಿಕೊಳ್ಳಬೇಕು. ಇದಕ್ಕೆ ಹಣ ಮತ್ತು ಕಾಲ ಎರಡೂ ಬೇಕು. ಅವೆರಡನ್ನೂ ಉಳಿಸಲು ಹೊರಟ ಸಂಸ್ಥೆಗಳಲ್ಲಿ ಪರೀಕ್ಷೆ ಎಂಬುದು ಚೌಕಗಳಲ್ಲಿ ಗುರುತು ಹಾಕುವ ಶಾಸ್ತ್ರವಾಗಿ ಮುಗಿಯುತ್ತದೆ.

ವಿಮಾನದವರು ಕಲಿತ ಪಾಠ ಆಸ್ಪತ್ರೆಗೆ ತಲುಪಲು ಬಹಳ ಕಾಲ ಬೇಕಾಯಿತು. 2005ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮಹಿಳೆಯೊಬ್ಬರು ಮೂಗಿನ ಸಣ್ಣ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದರು. ಅರಿವಳಿಕೆ ಕೊಟ್ಟೊಡನೆ ಅವರ ಉಸಿರಾಟದ ದಾರಿ ಮುಚ್ಚಿಕೊಂಡಿತು. ಅನುಭವಸ್ಥರಾದ ಮೂವರು ತಜ್ಞರು ಬಾಯಿಯ ಮೂಲಕ ಕೊಳವೆ ಇಳಿಸಲು ಮತ್ತೆ ಮತ್ತೆ ಯತ್ನಿಸಿದರು. ಕಾಲ ಸರಿಯುತ್ತಿತ್ತು. ಕೊರಳನ್ನು ಸೀಳಿ ಉಸಿರಿಗೆ ದಾರಿ ಮಾಡಬೇಕಾದ ಹೊತ್ತು ಬಂದಿದೆಯೆಂದು ದಾದಿಯೊಬ್ಬರಿಗೆ ಹೊಳೆಯಿತು. ಆ ಉಪಕರಣಗಳನ್ನು ತಂದು, ತಂದಿರುವುದಾಗಿ ತಿಳಿಸಿದರು. ಯಾರೂ ಗಮನ ಕೊಡಲಿಲ್ಲ. ಇನ್ನೊಬ್ಬ ದಾದಿ ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಗೊತ್ತುಮಾಡಿ ಬಂದು ಹೇಳಿದರು. ಅಷ್ಟು ಗಾಬರಿ ಏಕೆ ಎಂಬಂತೆ ನೋಡಿದ ನೋಟಗಳಿಗೆ ಅಂಜಿ ಅದನ್ನು ರದ್ದುಮಾಡಿದರು. ಆಕೆ ಮತ್ತೆ ಎಚ್ಚರಗೊಳ್ಳಲಿಲ್ಲ. ಕೆಲವು ದಿನಗಳಲ್ಲಿ ತೀರಿಕೊಂಡರು.

ಆಕೆಯ ಪತಿ ಮಾರ್ಟಿನ್ ಬ್ರೋಮಿಲಿ ವೃತ್ತಿಯಿಂದ ವಿಮಾನ ಚಾಲಕರು. ವಿಚಾರಣೆಯ ವಿವರಗಳು ಕೈಸೇರಿದಾಗ ಆ ಕೊಠಡಿಯಲ್ಲಿ ಏನು ನಡೆಯಿತೆಂಬುದು ಅವರಿಗೆ ಅಪರಿಚಿತವಾಗಿರಲಿಲ್ಲ. ಅವರು ವೈದ್ಯರ ಮೇಲೆ ಹಗೆ ಸಾಧಿಸಲು ಹೊರಡಲಿಲ್ಲ. 2007ರಲ್ಲಿ ವೈದ್ಯರು, ದಾದಿಯರು, ತಜ್ಞರನ್ನು ಕೂಡಿಸಿ ಸಂಘವೊಂದನ್ನು ಕಟ್ಟಿ, ಮಾನವ ಸಹಜ ಲೋಪಗಳನ್ನು ಅರಿತು ಕೆಲಸ ಮಾಡುವ ವಿದ್ಯೆಯನ್ನು ಆಸ್ಪತ್ರೆಗಳಿಗೆ ಮುಟ್ಟಿಸಲು ತೊಡಗಿದರು. ಅಷ್ಟರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ರೋನಾ ಫ್ಲಿನ್ ಮತ್ತು ಅವರ ಸಹೋದ್ಯೋಗಿಗಳು ಅರಿವಳಿಕೆ ತಜ್ಞರಿಗೆ ಇಂತಹ ಅಳತೆಯ ಕ್ರಮವನ್ನು ಸಿದ್ಧಪಡಿಸಿದ್ದರು. ಶಸ್ತ್ರವೈದ್ಯರಿಗೂ ದಾದಿಯರಿಗೂ ಬೇರೆ ಬೇರೆ ಕ್ರಮಗಳು ರೂಪುಗೊಂಡವು.

ಆ ಶಸ್ತ್ರಚಿಕಿತ್ಸೆಯ ಕೊಠಡಿಗೆ ಒಬ್ಬ ಪರೀಕ್ಷಕ ಅಂದು ಹೋಗಿದ್ದರೆ ದಾದಿಯರಿಗೆ ಎಷ್ಟು ಅಂಕ ಕೊಡುತ್ತಿದ್ದ? ‘ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು’ ಎಂದು ಬರೆದು ಒಂದೆರಡು ಅಂಕ ಕಳೆಯುತ್ತಿದ್ದನೇನೋ. ಕೂಡಿ ದುಡಿಯುವ ವಿದ್ಯೆಯನ್ನು ಅಳೆಯುವವರು ಮೇಲಿಂದ ಮೇಲೆ ಎಡವುವುದು ಇಲ್ಲಿಯೇ. ತಂಡದ ಕೊರತೆಯನ್ನೆಲ್ಲ ಕಿರಿಯನ ನಾಲಗೆಯಲ್ಲಿ ಹುಡುಕುತ್ತಾರೆ. ಹಿರಿಯನ ಕಿವಿಯನ್ನು ಪರೀಕ್ಷಿಸುವುದಿಲ್ಲ. ಹಿರಿಯರಿಗೆ ಎದುರಾಡಬಾರದೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿತು ಬಂದ ಇಪ್ಪತ್ತೈದರ ತರುಣ, ಮೂವತ್ತು ವರ್ಷ ಅನುಭವವುಳ್ಳವರ ತಪ್ಪನ್ನು ಎತ್ತಿ ಹೇಳಬೇಕೆಂದು ಕೇಳುವುದು ದೊಡ್ಡ ಬೇಡಿಕೆ. ಅನುಭವಸ್ಥನು ಒಂದು ಕ್ಷಣ ನಿಂತು ಕಿವಿಗೊಡಬೇಕೆಂದು ಕೇಳುವುದು ಅದಕ್ಕಿಂತ ಎಷ್ಟೋ ಚಿಕ್ಕ ಬೇಡಿಕೆ. ಭಾರವನ್ನು ಹೊರಬಲ್ಲವನ ಮೇಲೆ ಹೊರಿಸುವುದಲ್ಲವೆ ನ್ಯಾಯ?

ಕಿರಿಯನು ಮಾತನಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲವೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ದಾರುಣವಾದ ನಿದರ್ಶನವುಂಟು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ ಬದುಕಿದವರು ಎಂಟೇ ಜನ. ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ ಆ ನಿಲ್ದಾಣದಲ್ಲಿ ರನ್‌ವೇಯ ಉದ್ದ ಸುಮಾರು 8000 ಅಡಿ. ವಿಮಾನ ನೆಲ ಮುಟ್ಟುವ ಹೊತ್ತಿಗೆ ಅದರಲ್ಲಿ 5200 ಅಡಿ ಆಗಲೇ ಹಿಂದೆ ಉಳಿದಿತ್ತು. ವಿಚಾರಣಾ ನ್ಯಾಯಾಲಯದ ವರದಿ ಹೇಳುವಂತೆ, ಕ್ಯಾಪ್ಟನ್ ಹಾರಾಟದ ನಡುವೆ ಬಹಳ ಹೊತ್ತು ನಿದ್ದೆಯಲ್ಲಿದ್ದರು. ಎಚ್ಚೆತ್ತ ಮೇಲೂ ಅವರ ನಿರ್ಣಯಶಕ್ತಿ ಪೂರ್ಣವಾಗಿ ಮರಳಿರಲಿಲ್ಲ. ವಿಮಾನ ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿದ್ದುದನ್ನು ಸಹಚಾಲಕರು ಗುರುತಿಸಿದರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಒಂದಲ್ಲ, ಮೂರು ಬಾರಿ ಹೇಳಿದರು. ಕ್ಯಾಪ್ಟನ್ ಇಳಿಸಿಯೇ ಇಳಿಸಿದರು.

ಟೆನೆರಿಫೆಯಲ್ಲಿ ಇಂಜಿನಿಯರರು ಕೇಳಿದುದು ಸಂಕೋಚದ ಪ್ರಶ್ನೆಯೆಂದು ಹೇಳಬಹುದು. ಮಂಗಳೂರಿನಲ್ಲಿ ಅಂತಹ ಸಂಕೋಚವಿರಲಿಲ್ಲ. ಸ್ಪಷ್ಟವಾದ ಮಾತು, ಗೊತ್ತಾದ ಪರಿಭಾಷೆಯಲ್ಲಿ, ಮೂರು ಬಾರಿ. ಹೇಳುವ ವಿದ್ಯೆಯಲ್ಲಿ ಆ ಸಹಚಾಲಕರಿಗೆ ಯಾವ ಪರೀಕ್ಷಕನೂ ಪೂರ್ಣ ಅಂಕಗಳನ್ನೇ ಕೊಡಬೇಕು. ಹಾಗಾದರೆ ಅವರು ಚಾಲನೆಯನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲವೇಕೆ? ಮೇಲೇರುವ ಕ್ರಮವನ್ನು ಸಹಚಾಲಕ ತಾನೇ ಕೈಗೊಳ್ಳುವ ಅಧಿಕಾರದ ವಿಷಯದಲ್ಲಿ ನಿಯಮಗಳೇ ಅಸ್ಪಷ್ಟವಾಗಿದ್ದವೆಂದು ಅದೇ ವರದಿ ಗುರುತಿಸಿದೆ. ಅಧಿಕಾರವನ್ನು ಮಬ್ಬಿನಲ್ಲಿಟ್ಟು ಧೈರ್ಯವನ್ನು ಮಾತ್ರ ಪರೀಕ್ಷಿಸುವುದು ನ್ಯಾಯವಲ್ಲ.

ಇದರಿಂದ ಪರೀಕ್ಷೆಯ ಸ್ವರೂಪ ಬದಲಾಗಬೇಕಾಗುತ್ತದೆ. ತಂಡಕ್ಕೆಲ್ಲ ಸೇರಿ ಒಂದೇ ಅಂಕ ಕೊಡುವ ರೂಢಿಯನ್ನು ಬಿಟ್ಟು, ಹೇಳುವುದನ್ನು ಒಂದು ಮನೆಯಲ್ಲಿಯೂ ಕೇಳುವುದನ್ನು ಇನ್ನೊಂದು ಮನೆಯಲ್ಲಿಯೂ ಬರೆಯಬೇಕು. ಅಣಕು ವಿಮಾನದಲ್ಲಿ ಹಿರಿಯ ಚಾಲಕನನ್ನು ಪರೀಕ್ಷಿಸುವಾಗ, ಸರಿಯಾದ ಮಾತೊಂದನ್ನು ಮೆಲುದನಿಯಲ್ಲಿ, ಅಸ್ಪಷ್ಟವಾಗಿ, ಕೆಲಸದ ಗಡಿಬಿಡಿಯ ನಡುವೆ ಹೇಳುವಂತೆ ಸಹಚಾಲಕನಿಗೆ ಮೊದಲೇ ಸೂಚಿಸಿರಬೇಕು. ಹಿರಿಯನು ತಡೆದು ‘ಏನು ಹೇಳಿದಿರಿ?’ ಎಂದು ಕೇಳುತ್ತಾನೆಯೇ? ಅಷ್ಟನ್ನು ನೋಡಿದರೆ ಸಾಕು. ಕೇಳದವನು ಎಷ್ಟೇ ನಿಪುಣನಾಗಿರಲಿ, ಎಷ್ಟು ಸಾವಿರ ಗಂಟೆ ಹಾರಿರಲಿ, ಮತ್ತೆ ಕಲಿತು ಬರುವವರೆಗೆ ಅವನನ್ನು ವಿಮಾನದಿಂದ ಇಳಿಸಿಡಬೇಕು. ಇದು ಕಠೋರವೆಂದು ತೋರಬಹುದು. ಇಂಜಿನ್ನಿನ ಜ್ಞಾನದಲ್ಲಿ ಅನುತ್ತೀರ್ಣನಾದವನನ್ನು ಇಳಿಸುವಾಗ ಯಾರಿಗೂ ಹಾಗೆ ತೋರುವುದಿಲ್ಲ.

ವೈದ್ಯಕೀಯದಲ್ಲಿಯೂ ಚಿಕ್ಕದೊಂದು ಬಾಗಿಲು ತೆರೆದಿದೆ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ತಾಳೆಪಟ್ಟಿಯಲ್ಲಿ 19 ಅಂಶಗಳಿವೆ. ಕತ್ತಿ ಇಡುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಬಾಯಿಬಿಟ್ಟು ಹೇಳಬೇಕೆಂಬುದು ಅವುಗಳಲ್ಲಿ ಒಂದು. ಇದನ್ನು ಕೇಳಿ ನಕ್ಕ ಶಸ್ತ್ರವೈದ್ಯರಿಗೆ ಕೊರತೆಯಿಲ್ಲ. ಆದರೆ ಒಮ್ಮೆ ಬಾಯಿ ತೆರೆದವರಿಗೆ ಎರಡನೆಯ ಬಾರಿ ಬಾಯಿ ತೆರೆಯುವುದು ಸುಲಭ. ಆ ಅಂಶದ ಹಿಂದಿನ ತರ್ಕವೆಲ್ಲ ಇಷ್ಟೇ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳು ನೂರಕ್ಕೆ 1.5ರಿಂದ 0.8ಕ್ಕೆ ಇಳಿದವು. ಇಳಿತವೆಲ್ಲ ಹೆಸರು ಹೇಳಿದುದರಿಂದಲೇ ಆಯಿತೆನ್ನುವಂತಿಲ್ಲ. ಪಟ್ಟಿಯ ಬೇರೆ ಅಂಶಗಳ ಪಾಲೂ ಅದರಲ್ಲಿದೆ.

ಭಾರತದ ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮದಲ್ಲಿ 2019ರಿಂದ ನಡವಳಿಕೆ, ನೀತಿ ಮತ್ತು ಸಂವಹನದ ಪಾಠಗಳು ಸೇರಿವೆ. ಒಳ್ಳೆಯದೇ. ಅದು ವಿದ್ಯಾರ್ಥಿಗಳಿಗೆ, ಎಂದರೆ ಮತ್ತೆ ಕಿರಿಯರಿಗೆ. ವಿಮಾನದ ಕ್ಯಾಪ್ಟನ್ ತಲೆ ನರೆತ ಮೇಲೂ ವರ್ಷಕ್ಕೆ ಎರಡು ಬಾರಿ ಅಣಕು ವಿಮಾನವನ್ನು ಹತ್ತಿ ತನ್ನ ಅರ್ಹತೆಯನ್ನು ಹೊಸದಾಗಿ ತೋರಿಸಿಕೊಡಬೇಕು. ಶಸ್ತ್ರವೈದ್ಯನು ಒಮ್ಮೆ ಪದವಿ ಪಡೆದು ಹೊರಬಂದರೆ, ಮೇಜಿನ ಆಚೆ ನಿಂತ ದಾದಿಯ ಮಾತಿಗೆ ಅವನು ತಲೆಯೆತ್ತಿ ನೋಡುತ್ತಾನೋ ಇಲ್ಲವೋ ಎಂದು ಗುರುತಿಸಿಕೊಳ್ಳಲು ನಿವೃತ್ತನಾಗುವ ದಿನದವರೆಗೂ ಯಾರೂ ಬಂದು ನಿಲ್ಲುವುದಿಲ್ಲ.